ಡಿಪೊದಿಂದ ಗೂಡಂಗಡಿಯವರೆಗೆ



ಸಂವಿಧಾನದ 47ನೇ ವಿಧಿ ಪಾನನಿಷೇಧದತ್ತ ಬೆರಳು ತೋರಿಸುತ್ತದೆ. 2025-26ರ ರಾಜ್ಯ ಬಜೆಟ್ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿತ್ತು. ಈ ಜಗ್ಗಾಟ ಹಳೆಯದು, ಅದನ್ನು ಇಲ್ಲಿ ಮತ್ತೆ ಎತ್ತಲಾರೆ. ನನ್ನ ಚಿಂತೆಯೆಲ್ಲ ಚಿಲ್ಲರೆ ಮಾರಾಟದ್ದು.

ಕಾಗದದ ಮೇಲೆ ನಮ್ಮ ವ್ಯವಸ್ಥೆ ಬಲು ಬಿಗಿ. ಚಿಲ್ಲರೆಯಾಗಿ ಮದ್ಯ ಮಾರುವ ಸಿಎಲ್-2 ಪರವಾನಗಿಯ ಅಂಗಡಿಯಲ್ಲಿ ಕೂತು ಕುಡಿಯುವಂತಿಲ್ಲ. ಶಾಲೆ, ಗುಡಿ, ಆಸ್ಪತ್ರೆಯಿಂದ 100 ಮೀಟರ್ ದೂರವಿರಬೇಕು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮದ್ಯದಂಗಡಿ ಹೆದ್ದಾರಿಯಿಂದ 500 ಮೀಟರ್ ದೂರವಿರಬೇಕು ಎಂದಾಗ, ಹೆದ್ದಾರಿಯನ್ನೇ ಹಿಡಿದು ಬೆಳೆದ ತುಮಕೂರು, ಗುಬ್ಬಿ, ಕುಣಿಗಲ್‌ಗಳಿಗೆ ಅದು ಸಣ್ಣ ಸುದ್ದಿಯಾಗಿರಲಿಲ್ಲ. ಮರುವರ್ಷವೇ ಅದೇ ಕೋರ್ಟು, ನಗರಾಡಳಿತದ ಎಲ್ಲೆಯೊಳಗಿನ ಪರವಾನಗಿಗೆ ಆ ಆದೇಶ ಅಡ್ಡಿಯಲ್ಲ ಎಂದಿತು.

ಹಳ್ಳಿಯ ಗೂಡಂಗಡಿಗೆ ಯಾವ ಮೀಟರ್ ಲೆಕ್ಕ? 2007ರ ಜುಲೈ 1ರಂದು ಸಾರಾಯಿ ನಿಂತಿತು. ಸಾರಾಯಿ ಪಾಕೀಟಿನ ಜಾಗಕ್ಕೆ 90 ಮಿಲಿಯ ಟೆಟ್ರಾ ಪ್ಯಾಕ್ ಬಂದು ಕೂತಿತು. ಪಟ್ಟಣದ ಅಂಗಡಿಯಲ್ಲಿ ಕೊಂಡ ಸರಕು ಬೈಕಿನಲ್ಲಿ ಹಳ್ಳಿ ಸೇರಿ, ಬೀಡಿ, ಬೆಂಕಿಪೊಟ್ಟಣದ ಪಕ್ಕದಲ್ಲೇ ಎಂಆರ್‌ಪಿಗಿಂತ ಹೆಚ್ಚಿಗೆ ಬಿಕರಿಯಾಗುತ್ತದೆ. ಮದ್ಯ ಕೊಳ್ಳಲು ಕಾಯ್ದೆ 18 ವರ್ಷ ಎನ್ನುತ್ತದೆ, ನಿಯಮ 21 ಎನ್ನುತ್ತದೆ. ಎರಡನ್ನೂ 18ಕ್ಕೆ ಸರಿದೂಗಿಸಲು 2023ರ ಜನವರಿಯಲ್ಲಿ ಹೊರಟ ಸರ್ಕಾರ ಜನವಿರೋಧಕ್ಕೆ ಮಣಿದು ಹಿಂದೆ ಸರಿಯಿತು. ಗೂಡಂಗಡಿಯಲ್ಲಿ ವಯಸ್ಸು ಕೇಳುವವರೇ ಇಲ್ಲ.

ಗಂಟು ಇರುವುದು ಇಲ್ಲಿ. 2003ರಿಂದ ಸಗಟು ವ್ಯಾಪಾರ ಸರ್ಕಾರದ ಪಾನೀಯ ನಿಗಮದ ಕೈಯಲ್ಲಿದೆ. ಅದರ ಡಿಪೊದಿಂದ ಪೆಟ್ಟಿಗೆ ಹೊರಬೀಳುವ ಹೊತ್ತಿಗೆ ಸುಂಕವೆಲ್ಲ ಖಜಾನೆ ಸೇರಿರುತ್ತದೆ. ಕಳ್ಳಭಟ್ಟಿಯಿಂದ, ಹೊರರಾಜ್ಯದ ಬಾಟಲಿಯಿಂದ ಖಜಾನೆಗೆ ಖೋತಾ. ಗೂಡಂಗಡಿಯಿಂದ ಖೋತಾ ಇಲ್ಲ, ಡಿಪೊದ ಮಾರಾಟ ಹೆಚ್ಚುತ್ತದೆ ಅಷ್ಟೆ. ನಷ್ಟವೆಲ್ಲ ಕೂಲಿಕಾರನ ಮನೆಯ ಒಲೆಗೆ. ಲೆಕ್ಕ ಇಡುವವರಿಗೆ ಕಾಣದ ಈ ನಷ್ಟವನ್ನು ಅಳೆಯುವುದು ವಿಶ್ವವಿದ್ಯಾಲಯದ ಕೆಲಸವೆಂದು ನಾನು ನಂಬಿದ್ದೇನೆ.

2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ಚಳಿಯಲ್ಲಿ ನಡೆದು ಹೋದದ್ದು ಇದೇ ತುಮಕೂರಿನ ಹಾದಿಯಲ್ಲಿ. ಅವರ ಮಾತು ಕಡತವಾಗಿ ಉಳಿಯಿತೇ ಹೊರತು ನಿಯಮವಾಗಲಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಊರಿನ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗುಪ್ತ ಮತದಾನದಲ್ಲಿ ಅಡ್ಡ ಮಲಗಿದ ಬಾಟಲಿಯ ಚಿತ್ರಕ್ಕೆ ಮತ ಹಾಕಿದರೆ ಆ ಊರಿನ ಮದ್ಯದಂಗಡಿ ಮುಚ್ಚಬೇಕು. ಅಲ್ಲಿಯೂ ಅಕ್ರಮ ಮಾರಾಟ ತೊಲಗಿಲ್ಲ, ನಿಜ. ಆದರೆ ಬೇಡ ಎನ್ನುವ ಹಕ್ಕಾದರೂ ಹೆಂಗಸರ ಕೈಯಲ್ಲಿದೆ.

ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ, ನಮ್ಮ ರಾಜ್ಯದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಸರ್ಕಾರದ ಕೈ ಕಟ್ಟಿಲ್ಲ. ಮದ್ಯದ ಬಾಟಲಿ, ಪ್ಯಾಕಿನ ಮೇಲೆ ಅಬಕಾರಿ ಚೀಟಿ ಅಂಟಿರುತ್ತದೆ. ಹಳ್ಳಿಯಲ್ಲಿ ಸಿಕ್ಕಿಬಿದ್ದ ಸರಕಿನ ಚೀಟಿ ಹಿಡಿದು ಅದನ್ನು ಮಾರಿದ ಪರವಾನಗಿದಾರನನ್ನು ತಲುಪಬಹುದೇ, ಅವನನ್ನು ಹೊಣೆ ಮಾಡಬಹುದೇ ಎಂಬುದನ್ನು ಕಾನೂನು ವಿಭಾಗದವರು ಈ ವಿಚಾರ ಸಂಕಿರಣದಲ್ಲೇ ಪರಿಶೀಲಿಸಲಿ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗುಬ್ಬಿ, ಕುಣಿಗಲ್‌ನ ಕೆಲವು ಪಂಚಾಯಿತಿಗಳಲ್ಲಿ ಮನೆಮನೆಯ ಖರ್ಚಿನ ಲೆಕ್ಕ ಬರೆದು ತರಲಿ. ಮೊದಲ ಗೋಷ್ಠಿಯಲ್ಲಿ ಮೊದಲು ಮಾತನಾಡುವವರು ಗುಬ್ಬಿ, ಕುಣಿಗಲ್ ಕಡೆಯಿಂದ ಇಲ್ಲಿಗೆ ಬಂದಿರುವ ಸ್ವಸಹಾಯ ಸಂಘದ ತಾಯಂದಿರಾಗಲಿ. ಪ್ರಬಂಧಗಳನ್ನು ಆಮೇಲೆ ಓದೋಣ.