ಯಾರು ಹೇಳ್ತಾರ?
(ದತ್ತಿ ಉಪನ್ಯಾಸ, ನೀರಮಾನ್ವಿ)



ದತ್ತಿ ಉಪನ್ಯಾಸಕ್ಕೆ ಬಂದವರು ಮೊದಲ ಹತ್ತು ನಿಮಿಷ ದತ್ತಿ ಇಟ್ಟವರನ್ನು ಹೊಗಳುವುದು ವಾಡಿಕೆ. ಈ ಮನೆಯವರು ಅದು ಬೇಡವೆಂದು ಮೊದಲೇ ಹೇಳಿಬಿಟ್ಟಿದ್ದಾರೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ನನಗೆ ಕೊಟ್ಟದ್ದು ಕಥಾಸಾಹಿತ್ಯದ ಪರಿಭಾಷೆ. ಮುಂದೆ ಕೂತ ಪಿಯುಸಿ ಮಕ್ಕಳಿಗೆ ಈ ಪದಗಳೆಲ್ಲ ಬಾಯಿಪಾಠ: ಕಥಾವಸ್ತು, ಸಂವಿಧಾನ, ಪಾತ್ರ, ಪರಿಸರ, ಸಂಘರ್ಷ, ನಿರೂಪಣೆ. ಎರಡು ಅಂಕಕ್ಕೆ ಎರಡು ಸಾಲು. ನಾನೂ ನೌಕರಿಯುದ್ದಕ್ಕೂ ಹಾಗೇ ಬರೆಸಿದವನು. ನಿವೃತ್ತನಾದ ಮೇಲೆ ಅನಿಸುತ್ತಿದೆ, ಆ ಪಟ್ಟಿಯಲ್ಲಿ ಕಟ್ಟಕಡೆಗೆ ಬರುವುದನ್ನೇ ಮೊದಲು ಕಲಿಸಬೇಕಿತ್ತು ಎಂದು.

ಇರಲಿ, ಸಂವಿಧಾನದಿಂದಲೇ ಹಿಡಿಯೋಣ. ಅದಕ್ಕೆ ಮಾನ್ವಿಯ ಜಗನ್ನಾಥದಾಸರ ಐತಿಹ್ಯಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ‘ಹರಿಕಥಾಮೃತಸಾರ’ ಬರೆಯುವ ಮೊದಲು ಅವರು ಶ್ರೀನಿವಾಸಾಚಾರ್ಯರು. ಸಂಸ್ಕೃತ ಪಂಡಿತರು, ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದರು, ಇವರು ಹೋಗಲಿಲ್ಲ, ಆಮೇಲೆ ಹೊಟ್ಟೆನೋವು ಬಂತು. ಹೀಗೆ ಹೇಳಿದರೆ ಅದು ಬರೀ ವರದಿ. ಜನ ಹಾಗೆ ಹೇಳುವುದಿಲ್ಲ. ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡರು, ಆ ನೆಪವೇ ನಿಜವಾಗಿ ಹೊಟ್ಟೆಯಲ್ಲಿ ಕೂತಿತು ಎನ್ನುತ್ತಾರೆ. ಮುಂದೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಇವರಿಗೆ ಕೊಟ್ಟರಂತೆ. ಹೇಗೆ ಕೊಟ್ಟರು? ಜೋಳದ ರೊಟ್ಟಿಯಲ್ಲಿ ಮಂತ್ರಿಸಿ ಕೊಟ್ಟರು ಎಂದು ಹೇಳುವವರಿದ್ದಾರೆ. ಊಟ ಬಿಟ್ಟು ಬಿದ್ದ ಗಂಟು ಊಟದಿಂದಲೇ ಬಿಚ್ಚಿತು, ನೋಡಿ. ನಾಟ್ಯಶಾಸ್ತ್ರ ಇಂಥ ಸಂವಿಧಾನವನ್ನು ಬೀಜ, ಬಿಂದು, ಪತಾಕೆ, ಪ್ರಕರಿ, ಕಾರ್ಯ ಎಂದು ಐದಾಗಿ ವಿಂಗಡಿಸುತ್ತದೆ. ಆ ಐದರಲ್ಲಿ ಬೀಜ ಒಂದು ತಿಳಿದರೆ ಸಾಕು: ಬಿತ್ತುವಾಗ ಕಾಣುವುದಿಲ್ಲ, ಬೆಳೆದ ಮೇಲೆ ಬೇರೇನೂ ಬೆಳೆಯಲು ಸಾಧ್ಯವಿರಲಿಲ್ಲ ಅನಿಸುತ್ತದೆ. ಆ ಸುಳ್ಳು ನೆಪವೇ ಇಲ್ಲಿನ ಬೀಜ.

ಪಾತ್ರದ ಬಗ್ಗೆ ಹೆಚ್ಚು ಹೇಳಲಾರೆ. ದೊಡ್ಡಾಟ ನೋಡಿದವರಿಗೆ ಗೊತ್ತು, ವೇಷ ಒಳಗೆ ಬಂದ ಕೂಡಲೇ ಸಾರಥಿ ಎದುರು ನಿಂತು ಹೆಸರು, ಕುಲ, ಬಂದ ಕಾರಣ ಎಲ್ಲ ಕೇಳುತ್ತಾನೆ. ವೇಷಧಾರಿ ಕುಣಿದು ಕುಣಿದು ತನ್ನನ್ನೇ ಹೊಗಳಿಕೊಳ್ಳುತ್ತಾನೆ. ಅದು ಪರಿಚಯ. ಬೆಳಗಿನ ಜಾವ ಅದೇ ವೀರ ಸೋತು ಕೂತಾಗ ಕಾಣುವುದೇ ಪಾತ್ರ. ನಮ್ಮ ಎಷ್ಟೋ ಕತೆಗಳು ಸಾರಥಿಯ ಪ್ರಶ್ನೆಗೆ ಉತ್ತರ ಕೊಟ್ಟು ಅಲ್ಲಿಗೇ ಮುಗಿದುಬಿಡುತ್ತವೆ.

ಪರಿಸರ ಎಂದ ಕೂಡಲೇ ಹುಡುಗರು ಸೂರ್ಯೋದಯ ಬರೆಯುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಹೊಲ ಇದ್ದವರನ್ನು ಕೇಳಿ, ಪರಿಸರ ಅಂದರೇನೆಂದು ಅವರು ಹೇಳುತ್ತಾರೆ. 2024ರ ಆಗಸ್ಟ್‌ನಲ್ಲಿ ಹೊಸಪೇಟೆಯ ಹತ್ತಿರ ಜಲಾಶಯದ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಇಲ್ಲಿ ಭತ್ತ ನಾಟಿ ಮಾಡಿದವನ ಮನೆಯಲ್ಲಿ ಮಗಳ ಲಗ್ನದ ಮಾತು ಅದೇ ರಾತ್ರಿ ನಿಂತಿತು ಎಂದು ನಾನೊಂದು ಕತೆ ಕಟ್ಟಿದೆ ಅನ್ನಿ. ಅದರಲ್ಲಿ ಆ ಚೈನು ಪರಿಸರವೋ, ಘಟನೆಯೋ? ಪದಗಳ ನಡುವೆ ಪಠ್ಯಪುಸ್ತಕ ಎಳೆದ ಗೆರೆ ಕೊನೆಭಾಗದ ಹೊಲದ ತನಕ ಬರುವುದಿಲ್ಲ.

ಈಗ ನನ್ನ ಮುಖ್ಯ ಮಾತು, ನಿರೂಪಕ. ಕತೆಯನ್ನು ಯಾರು ಹೇಳ್ತಾರ? ಎಲ್ಲಿ ನಿಂತು ಹೇಳ್ತಾರ?

ಮಸ್ಕಿ ನಮ್ಮ ಜಿಲ್ಲೆಯದೇ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಅಲ್ಲಿನ ಬಂಡೆಶಾಸನವನ್ನು ಕಂಡರು. ಅದಕ್ಕೂ ಮೊದಲು ಓದಿದ್ದ ಇಂಥ ಶಾಸನಗಳಲ್ಲಿ ಮಾತಾಡುವವನು ‘ದೇವಾನಾಂಪ್ರಿಯ’. ಅದು ಬಿರುದು. ಈ ದೊರೆ ಯಾರಿರಬೇಕೆಂದು ವಿದ್ವಾಂಸರು ಬೇರೆ ಆಧಾರಗಳಿಂದ ತರ್ಕಿಸಿದ್ದರು. ಮಸ್ಕಿಯ ಬಂಡೆ ಅಶೋಕ ಎಂದು ಹೆಸರನ್ನೇ ಹೇಳಿತು. ಉಳಿದ ಬಂಡೆಗಳಲ್ಲಿ ಒಂದಕ್ಷರ ಬದಲಾಗಲಿಲ್ಲ. ಆದರೆ ಹೇಳುವವನು ಇಂಥವನೇ ಎಂದು ಖಾತ್ರಿಯಾದ ಮೇಲೆ ಅದೇ ದಯೆಯ ಮಾತು ಬೇರೆಯಾಗಿ ಕೇಳಿಸತೊಡಗಿತು.

ಎಲ್ಲಿ ನಿಂತು ಹೇಳ್ತಾರ ಎಂಬುದಕ್ಕೆ ಒಂದು ಸಿನಿಮಾ ನೋಡೋಣ. ನಮ್ಮ ಮಾನ್ವಿ ಕಡೆಯ ಅಮರೇಶ ನುಗಡೋಣಿಯವರ ‘ಸವಾರಿ’ ಕತೆಯನ್ನು ಗಿರೀಶ ಕಾಸರವಳ್ಳಿ 2010ರಲ್ಲಿ ‘ಕನಸೆಂಬ ಕುದುರೆಯನೇರಿ’ ಎಂಬ ಸಿನಿಮಾ ಮಾಡಿದರು. ಅದರ ಚಿತ್ರಕಥೆಗೆ ಅವರಿಗೂ ಗೋಪಾಲಕೃಷ್ಣ ಪೈಯವರಿಗೂ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ವೈಜನಾಥ ಬಿರಾದಾರ ನಟಿಸಿದ ಈರ್ಯಾ ಕುಣಿ ತೋಡುವವನು. ಅವನ ಕನಸಿನಲ್ಲಿ ಸಿದ್ಧ ಬಂದನೆಂದರೆ ಊರಲ್ಲಿ ಒಂದು ಸಾವು ಆಗಿದೆ ಎಂದೇ ಲೆಕ್ಕ. ಒಂದು ದಿನ ಸಿದ್ಧ ಬರುತ್ತಾನೆ. ಹಾಸಿಗೆ ಹಿಡಿದಿದ್ದ ಗೌಡರೇ ಹೋಗಿರಬೇಕೆಂದು ಈರ್ಯಾ ದೊಡ್ಡಮನೆಗೆ ಹೋದರೆ, ಯಾರೂ ಸತ್ತಿಲ್ಲ ಎಂದು ಅಲ್ಲಿನ ಕಾರುಬಾರಿ ಅಟ್ಟಿಬಿಡುತ್ತಾನೆ. ಈರ್ಯಾನ ಕನಸು ಸುಳ್ಳಾಯಿತು. ಅವನ ಜೊತೆಗೇ ಕೂತ ನಮಗೂ ಸುಳ್ಳಾಯಿತು. ಆಮೇಲೆ ಸಿನಿಮಾ ಹಿಂದಕ್ಕೆ ಹೊರಳಿ ಅದೇ ದಿನಗಳನ್ನು ದೊಡ್ಡಮನೆಯ ಒಳಗಿನಿಂದ ತೋರಿಸುತ್ತದೆ. ಗೌಡರು ಸತ್ತಿದ್ದಾರೆ. ಸಾವನ್ನು ಮುಚ್ಚಿಟ್ಟಿದ್ದಾರೆ.

ನಡೆದದ್ದು ಒಂದೇ. ನಡೆದ ಕ್ರಮದಲ್ಲೇ ಹೇಳಿದ್ದರೆ ಅದು ಹೆಣ ಬಚ್ಚಿಟ್ಟ ಸುದ್ದಿಯಾಗುತ್ತಿತ್ತು, ಪತ್ರಿಕೆಯ ಒಳಪುಟಕ್ಕೆ ಸಾಕು. ಬಾಗಿಲ ಹೊರಗಿನವನನ್ನು ಮೊದಲು ನಂಬಿಸಿ, ಸೋಲಿಸಿ, ಆಮೇಲೆ ಬಾಗಿಲು ತೆರೆದದ್ದರಿಂದ ಬಡವನ ನಂಬಿಕೆ ಹೇಗೆ ಮುರಿಯುತ್ತದೆ ಎಂಬ ಕತೆಯಾಯಿತು. ನಾಟಕೀಯ ವ್ಯಂಗ್ಯ ಎಂದು ಪಠ್ಯದಲ್ಲಿ ಓದುತ್ತೀರಲ್ಲ, ಈರ್ಯಾನಿಗೆ ತಿಳಿಯದ್ದು ನಮಗೆ ತಿಳಿದ ಮೇಲೆ ಹೊಟ್ಟೆಯಲ್ಲಿ ಆಗುವ ಸಂಕಟವೇ ಅದು.

ಬಾಗಿಲ ಹೊರಗೆ ಎಂದಾಗ ಈ ಊರಿನಲ್ಲಿ ಒಂದು ಹೆಸರು ನೆನೆಯದೆ ಮುಂದೆ ಹೋಗಲಾಗದು. ಊರ ಹೆಸರನ್ನೇ ಹೊತ್ತ ಕಥೆಗಾರ ರಾಜಶೇಖರ ನೀರಮಾನ್ವಿ. ಅವರ ಸಂಕಲನ ‘ಹಂಗಿನರಮನೆಯ ಹೊರಗೆ’. ಒಳಗಿನ ಕತೆಗಳ ಮಾತು ಹಾಗಿರಲಿ, ಆ ಹೆಸರನ್ನೇ ಒಮ್ಮೆ ಬಿಡಿಸಿ ನೋಡಿ. ಹಂಗು ಸಂಘರ್ಷ, ಅರಮನೆ ಪರಿಸರ, ಹೊರಗೆ ಎಂಬುದು ನಿಂತ ಜಾಗ. ನಾನು ಬಾಯಿಪಾಠ ಮಾಡಿಸಿದ್ದರಲ್ಲಿ ಅರ್ಧ ಪರಿಭಾಷೆ ರಕ್ಷಾಪುಟದ ಮೇಲೇ ಇದೆ.

ಹೇಳುವವರ ಬಗ್ಗೆ ಇಷ್ಟು ಹೇಳಿದ ಮೇಲೆ ಕೇಳುವವರನ್ನು ಬಿಡುವಂತಿಲ್ಲ. ನಮ್ಮ ಸೋದರತ್ತೆ ಮಾಳಿಗೆಯ ಮೇಲೆ ನಮ್ಮನ್ನು ಸಾಲಾಗಿ ಮಲಗಿಸಿ ಕತೆ ಹೇಳುತ್ತಿದ್ದಳು. ಕರಾರು ಒಂದೇ, ಹ್ಞೂಂ ಅನ್ನುತ್ತಿರಬೇಕು. ಹ್ಞೂಂ ಸಡಿಲಾಯಿತೋ, ಅವಳು ದನಿ ಬದಲಿಸದೆ, “ಆಗ ರಾಜ ಎಮ್ಮಿ ಮ್ಯಾಲೆ ಕುಂತು ಸಂತಿಗೆ ಹೋದ” ಎಂದುಬಿಡುತ್ತಿದ್ದಳು. ನಿದ್ದೆಗಣ್ಣಲ್ಲಿ ನಾವು “ಹ್ಞೂಂ” ಎಂದರೆ ಕತೆ ಅಲ್ಲಿಗೆ ಬಂದ್. ಮರುದಿನ ರಾತ್ರಿ ಕೇಳುತ್ತಿದ್ದಳು, “ಎಲ್ಲೀತನ ಬಂದಿತ್ತೋ?”

ಎಚ್ಚರವಿದ್ದವರು ಕುದುರೆ ಎನ್ನುತ್ತಿದ್ದರು, ಮಲಗಿದ್ದವರು ಎಮ್ಮೆ ಎನ್ನುತ್ತಿದ್ದೆವು. ಎಮ್ಮೆ ಎಂದವರೇ ಹೆಚ್ಚಿದ್ದ ದಿನ ಅವಳು ನಕ್ಕು, “ಆತು ಬಿಡ್ರಿ, ಎಮ್ಮೀನ ಇರ್ಲಿ” ಎಂದು ಅಲ್ಲಿಂದಲೇ ಮುಂದುವರಿಸುತ್ತಿದ್ದಳು. ರಾಜ ಸಂತೆ ಮುಗಿಸಿ, ಎಮ್ಮೆಗೆ ಹತ್ತಿಹಿಂಡಿ ಕೊಂಡು, ಹೊತ್ತು ಮುಳುಗುವಾಗ ಊರಿಗೆ ತಿರುಗುತ್ತಿದ್ದ.