ಲೋಗೋ ಬರೆಯುವವನ ಕಾಯಕ

(ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ಮುಳ್ಳೂರಿನ ಯುವಕರೊಬ್ಬರು ಆಡಿದ ಮಾತುಗಳ ಬರಹರೂಪ)

 

ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ವಚನ ಸಾಹಿತ್ಯವನ್ನು ಓದಿಕೊಂಡ ವಿದ್ವಾಂಸರು ಮಾತನಾಡುತ್ತಾರೆ. ಹೋದ ತಿಂಗಳು ಬುದ್ಧಿಯವರು ನನ್ನನ್ನು ಕರೆದು, 'ಮುಂದಿನ ಹುಣ್ಣಿಮೆಗೆ ನೀನು ನಿನ್ನ ಕಾಯಕದ ವಿಚಾರ ಹೇಳಬೇಕು' ಎಂದರು. ನಾನು, 'ಬುದ್ಧೀ, ನಾನು ಕಂಪ್ಯೂಟರ್ ಮುಂದೆ ಕೂತು ಅಂಗಡಿಗಳಿಗೆ ಲೋಗೋ ಮಾಡಿಕೊಡುವವನು. ಅದರಲ್ಲಿ ಹೇಳುವಂಥದ್ದು ಏನಿದೆ?' ಎಂದೆ. 'ಹಗ್ಗ ಹೊಸೆಯುವುದರಲ್ಲಿ ಹೇಳುವಂಥದ್ದು ಏನಿತ್ತಪ್ಪ?' ಎಂದು ಅವರು ನಕ್ಕರು. ನುಲಿಯ ಚಂದಯ್ಯನವರನ್ನು ನೆನಪಿಸಿದ ಮೇಲೆ ಒಲ್ಲೆ ಎನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಲೋಗೋ ಅಂದರೆ ಏನು ಎಂದು ನಮ್ಮ ಅಜ್ಜಿ ಕೇಳಿದ್ದರು. ಹಿಂದೆ ಕಣದಲ್ಲಿ ರಾಶಿ ಮಾಡಿದ ಮೇಲೆ ಮುದ್ರೆ ಒತ್ತುತ್ತಿದ್ದರಲ್ಲ, ಅಂಥದ್ದು ಎಂದು ಹೇಳಿದೆ. ನಿಮ್ಮ ಮುಂದೆ ಇನ್ನೂ ಹತ್ತಿರದ ಹೋಲಿಕೆ ಕೊಡಬಹುದು. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಅಂಕಿತ ಕಂಡ ಕೂಡಲೇ ವಚನ ಯಾರದೆಂದು ತಿಳಿಯುತ್ತದೆ. ವ್ಯಾಪಾರದಲ್ಲಿ ಲೋಗೋ ಮಾಡುವ ಕೆಲಸವೂ ಅದೇ: 'ಈ ಮಾಲು ನನ್ನದು, ಇದರ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಾನು ಹೊಣೆ' ಎಂದು ಹೇಳುವ ಗುರುತು.

ನಮ್ಮಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕಿದವರು. ಮುಳ್ಳೂರಿನಿಂದ ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುವಾಗ ಚಿಕ್ಕಂದಿನಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಅಲ್ಲಿ ಎಲ್ಲರ ಎದುರಿಗೇ ಹರಾಜು. ರೇಟು ಒಪ್ಪಿಗೆಯಾದರೆ ತೂಕ, ಆಗದಿದ್ದರೆ ಇಲ್ಲ. 'ನಾವು ನಾವೇ ಅಲ್ಲವಾ, ಎರಡು ಕೆ.ಜಿ. ಹಾಗೇ ಕೊಡಪ್ಪ' ಎಂದು ಅಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ. ಆಗ ಅದರ ಬೆಲೆ ನನಗೆ ಗೊತ್ತಾಗಲಿಲ್ಲ. ನನ್ನದೇ ಕೆಲಸ ಶುರು ಮಾಡಿದ ಮೇಲೆ ಗೊತ್ತಾಯಿತು.

ಮೈಸೂರಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಮೂರು ವರ್ಷ ಡಿಸೈನ್ ಕೆಲಸ ಕಲಿತು ಊರಿಗೆ ಬಂದೆ. ನಡುಮನೆಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟೆ. ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿ, ಹನೂರಿನ ಗೊಬ್ಬರದ ಅಂಗಡಿ, ಯಳಂದೂರಿನ ಬೇಕರಿ, ಹೀಗೆ ಒಬ್ಬರಿಂದ ಒಬ್ಬರು ಬಂದರು. ನಾನು ಯಾರಲ್ಲೂ ನೌಕರನಲ್ಲ. ಬಂದ ಗಿರಾಕಿಯೇ ಆ ದಿನದ ಯಜಮಾನ. ಈ ಕೆಲಸದಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ನನಗಾದ ಅನ್ಯಾಯ ಆಮೇಲೆ.

ಅಕ್ಕಿ ವ್ಯಾಪಾರ ಮಾಡುವ ಹಿರಿಯರೊಬ್ಬರು ಎರಡು ದಿನದಲ್ಲಿ ಲೋಗೋ ಬೇಕೆಂದರು. ಕೈಯಲ್ಲಿ ಬೇರೆ ಕೆಲಸವಿತ್ತು. ಇಂಟರ್‌ನೆಟ್‌ನಲ್ಲಿ ಒಂದು ಭತ್ತದ ತೆನೆಯ ಚಿತ್ರ ಸಿಕ್ಕಿತು. ಬಣ್ಣ ಬದಲಾಯಿಸಿದೆ, ಕೆಳಗೆ ಅವರ ಹೆಸರು ಕೂರಿಸಿದೆ, ಮೂರು ಸಾವಿರ ರೂಪಾಯಿ ತೆಗೆದುಕೊಂಡೆ. ಅವರು ಅದನ್ನು ನಂಬಿ ಸಾವಿರ ಚೀಲ ಅಚ್ಚು ಹಾಕಿಸಿದರು. ಆರು ತಿಂಗಳ ಮೇಲೆ ಒಂದು ಸಂಜೆ ಬಂದು ಜಗಲಿಯ ಮೇಲೆ ಬೇರೆ ರಾಜ್ಯದ ಯಾವುದೋ ಹಿಟ್ಟಿನ ಪೊಟ್ಟಣ ಇಟ್ಟರು. ಅದರ ಮೇಲೆ ಅದೇ ತೆನೆ. 'ಇದು ಯಾರ್ದಪ್ಪ?' ಎಂದರು, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆನೋ ಏನೋ. ಒಳಗಿನಿಂದ ಅವ್ವ ಕೇಳಿಸಿಕೊಂಡು ಬಂದು, 'ಇವರ ದುಡ್ಡ ಈಗ್ಲೇ ಕೊಟ್ಬುಡು' ಎಂದಳು. ಮೂರು ಸಾವಿರ ಅಂದೇ ವಾಪಸ್ ಕೊಟ್ಟೆ. ಚೀಲದ ಖರ್ಚಿನಲ್ಲಿ ಅರ್ಧವನ್ನು ಮೂರು ತಿಂಗಳಲ್ಲಿ ತೀರಿಸಿದೆ. ಹೊಸ ಲೋಗೋ ಬರೆದುಕೊಟ್ಟೆ. ಇನ್ನೊಬ್ಬರ ವಚನಕ್ಕೆ ನಮ್ಮ ಅಂಕಿತ ಹಾಕಿಕೊಂಡರೆ ಏನಾಗುತ್ತದೋ, ನಾನು ಮಾಡಿದ್ದು ಅದೇ.

ಇನ್ನು ನನಗಾದದ್ದು. ಒಂದು ತರಬೇತಿ ಸಂಸ್ಥೆಯವರು ಬಂದು, 'ಮೊದಲು ಮೂರು ಸ್ಯಾಂಪಲ್ ತೋರಿಸು, ಇಷ್ಟವಾದರೆ ದುಡ್ಡಿನ ಮಾತು' ಎಂದರು. ಒಂದು ವಾರ ರಾತ್ರಿಯೆಲ್ಲ ಕೂತು ಬರೆದೆ. ನೋಡಿ, 'ಯಾವುದೂ ಹಿಡಿಸಲಿಲ್ಲ' ಎಂದರು. ಎರಡು ತಿಂಗಳ ಮೇಲೆ ಬಸ್ಸಿನಲ್ಲಿ ಹೋಗುವಾಗ ನೋಡಿದರೆ ನನ್ನ ಎರಡನೇ ಸ್ಯಾಂಪಲ್ಲೇ ಅವರ ಬೋರ್ಡಿನ ಮೇಲಿದೆ! ಕೇಳಲು ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಆ ರಾತ್ರಿ ಕಳ್ಳರು ಕಳ್ಳರು ಎಂದು ಕುದಿಯುತ್ತಾ ಕಂಪ್ಯೂಟರ್ ಹಾಕಿದೆ. ಪರದೆಯ ಮೇಲೆ ನಾನು ದಿನವೂ ಬಳಸುವ ಡಿಸೈನ್ ಸಾಫ್ಟ್‌ವೇರ್ ತೆರೆದುಕೊಂಡಿತು. ಅದೂ ಕದ್ದದ್ದೇ. ಯಾರೋ ಬೀಗ ಒಡೆದ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಕೊಂಡಿದ್ದೆ. ಹತ್ತಾರು ಕನ್ನಡ ಅಕ್ಷರ ವಿನ್ಯಾಸಗಳು, ಅಂದರೆ ಫಾಂಟ್‌ಗಳು, ಅವೂ ಹಾಗೇ ಬಂದವು. ಬೆಳಿಗ್ಗೆ ಎದ್ದು ಲಿಂಗಪೂಜೆಗೆ ಕೂತರೆ ಅಂಗೈ ಮೇಲಿನ ಇಷ್ಟಲಿಂಗವನ್ನು ನೋಡುವುದಕ್ಕೇ ಕಷ್ಟವಾಯಿತು. ಸತ್ಯಶುದ್ಧ ಕಾಯಕ ಎಂದು ಭಾಷಣದಲ್ಲಿ ಕೇಳಿದ್ದೆ. ನನ್ನ ಕಾಯಕದ ಸಲಕರಣೆಯೇ ಶುದ್ಧವಿರಲಿಲ್ಲ.

ಗೆಳೆಯರೇ, ಇದಕ್ಕೆ ದಾರಿ ಇದೆ, ಬಡವನಿಗೂ ಇದೆ. ಇಂಕ್‌ಸ್ಕೇಪ್ ಎಂಬ ಸಾಫ್ಟ್‌ವೇರ್ ಉಚಿತ, ಯಾರೂ ಬಳಸಬಹುದು. ನನ್ನ ಹಳೆಯ ಸಾಫ್ಟ್‌ವೇರ್‌ನಲ್ಲಿ ಗಿರಾಕಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಯೂನಿಕೋಡ್ ಕನ್ನಡವನ್ನು ಅಂಟಿಸಿದರೆ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗುತ್ತಿತ್ತು. ಅದನ್ನು ನುಡಿಯ ಹಳೆಯ ಅಕ್ಷರಕ್ಕೆ ಪರಿವರ್ತಿಸಿಕೊಂಡೇ ಬಳಸಬೇಕಿತ್ತು. ಇಂಕ್‌ಸ್ಕೇಪ್‌ನಲ್ಲಿ ಅದು ನೇರವಾಗಿ ಸರಿಯಾಗಿ ಕೂರುತ್ತದೆ. ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಮುಂತಾದ ಫಾಂಟ್‌ಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿದ್ದಾರೆ. ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಕೈ ಹೊಂದಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳು ಆದಾಯ ಕಮ್ಮಿಯಾಯಿತು. ನಿದ್ದೆ ಮಾತ್ರ ಚೆನ್ನಾಗಿ ಬಂತು.

ಆಮೇಲೆ ಕಾನೂನನ್ನೂ ಸ್ವಲ್ಪ ಓದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸ್ವತಂತ್ರವಾಗಿ ಕೆಲಸ ಮಾಡುವವನು ಬರೆದದ್ದರ ಹಕ್ಕು ಸಾಮಾನ್ಯವಾಗಿ ಬರೆದವನದು. ಅದನ್ನು ಇನ್ನೊಬ್ಬರಿಗೆ ಕೊಡುವುದಾದರೆ ಬರಹದಲ್ಲಿ, ಸಹಿ ಹಾಕಿ ಕೊಡಬೇಕು. ಹಾಗಾಗಿ ಈಗ ನನ್ನ ಬಳಿ ಕನ್ನಡದಲ್ಲಿ ಒಂದು ಪುಟದ ಒಪ್ಪಂದವಿದೆ. ಅರ್ಧ ಹಣ ಮುಂಗಡ. ಮೂರು ನಮೂನೆ, ಎರಡು ಸಲ ತಿದ್ದುಪಡಿ. ಬಾಕಿ ಬಂದ ದಿನ ಮೂಲ ಫೈಲುಗಳನ್ನೆಲ್ಲ ಕೊಟ್ಟು, ಹಕ್ಕನ್ನೂ ಬರೆದುಕೊಡುತ್ತೇನೆ. ಕೆಲವರು ಮೂಲ ಫೈಲನ್ನು ತಮ್ಮಲ್ಲೇ ಇಟ್ಟುಕೊಂಡು, ಪ್ರತಿ ಸಲವೂ ಗಿರಾಕಿ ತಮ್ಮ ಹತ್ತಿರವೇ ಬರುವಂತೆ ಮಾಡುತ್ತಾರೆ. ದುಡ್ಡು ಕೊಟ್ಟವನನ್ನು ಹೀಗೆ ಕಟ್ಟಿಹಾಕುವುದು ಸರಿಯಲ್ಲ. ಲೋಗೋವನ್ನು 1999ರ ಕಾಯ್ದೆಯಡಿ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದರೆ ಹತ್ತು ವರ್ಷ ರಕ್ಷಣೆ ಇರುತ್ತದೆ, ಮತ್ತೆ ನವೀಕರಿಸಬಹುದು ಎಂಬುದನ್ನೂ ವ್ಯಾಪಾರಿಗಳಿಗೆ ತಿಳಿಸುತ್ತೇನೆ.

ಈಗ ಬೆಲೆಯ ಮಾತು. ಈ ಕೆಲಸದಲ್ಲಿ ಅತ್ಯಂತ ಕಷ್ಟದ್ದು ಅದೇ. ನಮ್ಮ ಮಾವನವರೊಬ್ಬರು ಕೇಳಿದ್ದರು: 'ಎರಡು ಗೆರೆ ಎಳಿಯೋಕ ಮೂರು ಸಾವ್ರವಾ? ಕಂಪ್ಯೂಟ್ರೇ ಬರ್ಕೊಡ್ತದಲ್ಲ ಕಣಪ್ಪ!' ಅಮೆರಿಕದಲ್ಲಿ 1971ರಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ ಒಂದು ಶೂ ಕಂಪನಿಗೆ ಬಾಗಿದ ಗೆರೆಯ ಗುರುತು ಬರೆದುಕೊಟ್ಟರು. ಗಂಟೆಗೆ ಎರಡು ಡಾಲರ್ ಲೆಕ್ಕದಲ್ಲಿ ಅವರಿಗೆ ಸಂದದ್ದು 35 ಡಾಲರ್. ಅದೇ ಇಂದು ಲೋಕವೆಲ್ಲ ಬಲ್ಲ ನೈಕಿ ಗುರುತು. 1983ರಲ್ಲಿ ಕಂಪನಿಯವರು ಅವರನ್ನು ಕರೆದು ಒಂದು ಉಂಗುರವನ್ನೂ ಕಂಪನಿಯ ಷೇರುಗಳನ್ನೂ ಕೊಟ್ಟರು. ಹಾಗಾದರೆ ಆ ಗೆರೆಯ ನ್ಯಾಯವಾದ ಬೆಲೆ ಎಷ್ಟು?

ನಾನು ತಿಳಿಯದೆ ಮುಖ ನೋಡಿ ಮಣೆ ಹಾಕುತ್ತಿದ್ದೆ. ಕಾರಿನಲ್ಲಿ ಬಂದವರಿಗೆ ಹದಿನೈದು ಸಾವಿರ ಹೇಳುತ್ತಿದ್ದೆ, ಸೈಕಲ್‌ನಲ್ಲಿ ಬಂದವರಿಗೆ ಒಂದೂವರೆ. ಹಾಗೆ ಇರುವಾಗ ಇದೇ ಗೋಷ್ಠಿಯಲ್ಲಿ ಚಂದಯ್ಯನವರ ಕಥೆ ಕೇಳಿದೆ. ಹುಲ್ಲು ಕೊಯ್ಯುವಾಗ ಕಳಚಿ ಬಿದ್ದ ಲಿಂಗ ಬೆನ್ನು ಹತ್ತಿ ಬಂದಾಗ, ಸುಮ್ಮನೆ ಸೇರಿಸಿಕೊಳ್ಳುವುದಿಲ್ಲ, ಹಗ್ಗ ಮಾರಿಕೊಂಡು ಬಾ ಎಂದು ಲಿಂಗಕ್ಕೇ ಕಾಯಕ ಕೊಟ್ಟವರು ಅವರು. ಲಿಂಗವು ಹಗ್ಗದ ಬೆಲೆಗಿಂತ ಹೆಚ್ಚು ಹೊನ್ನು ತಂದಾಗ, ಅದು ತನ್ನ ಕಾಯಕಕ್ಕೆ ಸಲ್ಲದ್ದು ಎಂದು ಒಲ್ಲೆ ಎಂದರಂತೆ. ಆಯ್ದಕ್ಕಿ ಲಕ್ಕಮ್ಮನವರೂ ಅಷ್ಟೇ. ಗಂಡ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದವರು. ಇಬ್ಬರೂ ಹೇಳಿದ್ದು ಒಂದೇ: ಕಾಯಕಕ್ಕೆ ಒಂದು ಅಳತೆ ಇದೆ.

ನನ್ನ ಅಳತೆ ಯಾವುದು? ಬಹಳ ಯೋಚಿಸಿ ನಮ್ಮೂರ ಗಾರೆ ಮೇಸ್ತ್ರಿಯ ದಿನಗೂಲಿಯನ್ನೇ ಹಿಡಿದುಕೊಂಡೆ. ಅವರದೂ ಕೈಯ ಕೆಲಸ, ನನ್ನದೂ ಕೈಯ ಕೆಲಸ. ಅದಕ್ಕೆ ಕರೆಂಟು, ಇಂಟರ್‌ನೆಟ್, ಕಂಪ್ಯೂಟರಿನ ಸವಕಳಿ ಸೇರಿಸಿದೆ. ಒಂದು ಲೋಗೋಗೆ ಎಷ್ಟು ದಿನ ಹಿಡಿಯುತ್ತದೋ ಅಷ್ಟು ದಿನದ ಕೂಲಿ. ಮೊದಲು ಪೆನ್ಸಿಲ್ಲಿನಲ್ಲಿ ಬರೆಯಬೇಕು. ಬೆರಳುಗುರಿನಷ್ಟು ಚಿಕ್ಕದಾದರೂ ಕಾಣುತ್ತದೆಯೇ, ಬಣ್ಣವಿಲ್ಲದೆ ಬರೀ ಕಪ್ಪಿನಲ್ಲಿ ಅಚ್ಚಾದರೂ ಗುರುತು ಸಿಗುತ್ತದೆಯೇ, ಕನ್ನಡ ಅಕ್ಷರದ ತಲೆಕಟ್ಟು, ಒತ್ತು ಸರಿ ಇವೆಯೇ ಎಂದು ನೋಡಬೇಕು. ಎರಡು ಗೆರೆಯ ಹಿಂದೆ ಇಷ್ಟು ಇದೆ. ಈಗ ದರಪಟ್ಟಿ ಗೋಡೆಯ ಮೇಲಿದೆ. ಕಾರಿಗೂ ಸೈಕಲ್ಲಿಗೂ ಅದೇ ದರ. ಮಾವನವರಿಗೂ ಅದೇ.

ಕೊನೆಯದಾಗಿ, ಹೇಳಲೋ ಬೇಡವೋ ಎಂದು ಯೋಚಿಸಿದ್ದ ಮಾತು. ಹಿರಿಯರು ತಪ್ಪು ತಿಳಿಯಬಾರದು.

ನಾಲ್ಕು ವರ್ಷ ನಮ್ಮ ಸಮಾಜದ ಕಾರ್ಯಕ್ರಮಗಳ ಕರಪತ್ರ, ಆಹ್ವಾನ ಪತ್ರಿಕೆ, ಬ್ಯಾನರು, ಸ್ಮರಣ ಸಂಚಿಕೆಯ ಮುಖಪುಟ ಎಲ್ಲವನ್ನೂ ಬಿಟ್ಟಿ ಮಾಡಿದೆ. 'ಸೇವೆ ಅಲ್ಲವೇನಪ್ಪ' ಎನ್ನುತ್ತಿದ್ದರು. ಪೆಂಡಾಲಿನವರಿಗೆ ದುಡ್ಡು, ಅಡುಗೆಯವರಿಗೆ ದುಡ್ಡು, ಮೈಕಿನವರಿಗೆ ದುಡ್ಡು. ನನಗೆ ಒಂದು ಶಾಲು. ಬಸವ ಜಯಂತಿಯ ಬ್ಯಾನರಿಗಾಗಿ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತಿತ್ತು: 'ಇನ್ನೂ ನಾಲ್ಕು ಜನರ ಫೋಟೋ ಸೇರಿಸಬೇಕು.' ಒಂದು ವರ್ಷ ಮೂವತ್ತಾರು ಮುಖಗಳನ್ನು ಕೂರಿಸಿ ನೋಡಿದರೆ ಬಸವಣ್ಣನವರು ಅಂಚೆ ಚೀಟಿಯಷ್ಟಾಗಿ ಮೂಲೆ ಸೇರಿದ್ದರು. ಆ ವಾರ ಮನೆಯಲ್ಲಿ ಗ್ಯಾಸ್ ತರಿಸಲು ಅಪ್ಪನನ್ನು ಹಣ ಕೇಳಿದ್ದೆ.

ಹೋದ ವರ್ಷ ಧೈರ್ಯ ಮಾಡಿ ಬುದ್ಧಿಯವರ ಹತ್ತಿರ ಹೋದೆ. 'ಬುದ್ಧೀ, ದಾಸೋಹ ಮಾಡಬೇಕು ಅಂತ ನನಗೂ ಆಸೆ. ಆದರೆ ಕಾಯಕದ ಫಲವೇ ಕೈಗೆ ಬರದಿದ್ದರೆ ದಾಸೋಹಕ್ಕೆ ಏನು ತರಲಿ?' ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಲೆಕ್ಕ ಬರೆಯುವವರನ್ನು ಕರೆಸಿ, 'ಪ್ರೆಸ್ಸಿನ ಖರ್ಚಿನ ಕೆಳಗೆ ಡಿಸೈನಿನ ಕೂಲಿ ಅಂತ ಒಂದು ಸಾಲು ಸೇರಿಸಿ' ಎಂದರು. ಅಂದಿನಿಂದ ನಾನು ಬಿಲ್ ಕೊಡುತ್ತೇನೆ, ಮಠ ಹಣ ಕೊಡುತ್ತದೆ. ವರ್ಷಕ್ಕೊಮ್ಮೆ ಬಸವ ಜಯಂತಿಯ ಆಹ್ವಾನ ಪತ್ರಿಕೆಯನ್ನು ನಾನಾಗಿಯೇ, ಮೊದಲೇ ಹೇಳಿ, ದಾಸೋಹವಾಗಿ ಮಾಡುತ್ತೇನೆ. ಅದರಲ್ಲಿ ಬಸವಣ್ಣನವರೊಬ್ಬರದೇ ಚಿತ್ರ. ಇದಕ್ಕೆ ಕೆಲವರು ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಅವರೂ ಇಲ್ಲೇ ಕೂತಿದ್ದಾರೆ, ಅವರಿಗೂ ಶರಣಾರ್ಥಿ.

ಕೇಳಿ ಪಡೆದ ಬಿಟ್ಟಿಗೆ ದಾಸೋಹ ಎಂದು ಹೆಸರಿಡುವುದು ಬೇಡ. ಕೊಡುವವನು ತಾನಾಗಿ ಕೊಟ್ಟರೆ ಅದು ದಾಸೋಹ. ನಾಚಿಕೆಗೋ ಹೆದರಿಕೆಗೋ ಇಲ್ಲ ಎನ್ನಲಾರದೆ ಕೊಟ್ಟರೆ, ಕೊಟ್ಟವನ ಕಾಯಕವೂ ಕೆಡುತ್ತದೆ, ಪಡೆದವರ ಕಾರ್ಯವೂ ಕೆಡುತ್ತದೆ. ಇದು ನನ್ನೊಬ್ಬನ ಮಾತಲ್ಲ. ಫೋಟೋ ತೆಗೆಯುವ ಹುಡುಗ, ವಚನ ಹಾಡುವ ತಂಗಿ, ತಬಲದವರು, ಹೂವಿನ ಅಲಂಕಾರದವರು, ಎಲ್ಲರ ಮಾತು.

ಹಿರಿಯರಲ್ಲಿ ನನ್ನದೊಂದೇ ಬಿನ್ನಹ. ಮುಂದಿನ ಸಲ ನಿಮ್ಮ ಮನೆಯ ಮದುವೆಗೋ, ಅಂಗಡಿಗೋ, ಮಠದ ಕಾರ್ಯಕ್ಕೋ ಹುಡುಗರನ್ನು ಕರೆದಾಗ, 'ಏನು ಮಾಡಬೇಕು' ಎಂದು ಹೇಳುವ ಮೊದಲು 'ಎಷ್ಟಾಗುತ್ತಪ್ಪ?' ಎಂದು ಕೇಳಿ. ಗೆಳೆಯರಲ್ಲಿ ಇನ್ನೊಂದು: ಕೇಳಿದಾಗ ನ್ಯಾಯವಾದದ್ದನ್ನು ತಲೆ ಎತ್ತಿ ಹೇಳಿ. ಹೇಳಿದಷ್ಟನ್ನೂ ನಿಮ್ಮದೇ ಕೈಯಿಂದ, ಕದಿಯದೆ ಮಾಡಿಕೊಡಿ.