ಕಾರಖಾನೆ ನಮ್ಮದು, ಕಸುಬೂ ನಮ್ಮದಾಗಲಿ

(ಸಪ್ಟೆಂಬರ್ 15ರ ಇಂಜಿನಿಯರ್ ದಿನದಂದು ಸಭಾಸದರ ಮುಂದೆ ಮಾಡಿದ ಭಾಷಣ)



ಇಂದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ. ಅವರ ಹೆಸರು ಹೇಳಿದರೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಆದರೆ ಅವರು ಇಂಜಿನಿಯರಿಂಗ್ ಕಲಿತದ್ದು ಪುಣೆಯಲ್ಲಿ, ನೌಕರಿಗೆ ಸೇರಿದ್ದು ಮುಂಬಯಿ ಪ್ರಾಂತದ ಲೋಕೋಪಯೋಗಿ ಖಾತೆಯಲ್ಲಿ. ನೀರಾ ಕಾಲುವೆಯ ನೀರು ಕೆಲವೇ ಊರುಗಳ ಕಬ್ಬಿಗೆ ತೀರಿಹೋಗದೆ ಹೆಚ್ಚು ಊರುಗಳಿಗೆ ಮುಟ್ಟಲೆಂದು, ಸರದಿಯ ಮೇಲೆ ಬೆಳೆ ಬದಲಿಸುವ ಬ್ಲಾಕ್ ಪದ್ಧತಿಯನ್ನು 1899ರ ಸುಮಾರಿಗೆ ರೂಪಿಸಿದವರು ಅವರೇ. ಕಬ್ಬು ಬೆಳೆಯುವ ನಮಗೆ ಅವರು ದೂರದವರಲ್ಲ.

ಕಟ್ಟೆ, ಕಾಲುವೆಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಅವರು ತಯಾರು ಮಾಡಿದ ಕಸುಬುದಾರರ ವಿಷಯ ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. ಭದ್ರಾವತಿಯ ಕಬ್ಬಿಣದ ಕಾರಖಾನೆ 1923ರಲ್ಲಿ ಸುರುವಾದಾಗ ನಡೆಸುತ್ತಿದ್ದವರು ಅಮೇರಿಕದ ತಜ್ಞರು. ನಷ್ಟ ಬಂದಿತು. ಆಗ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯನವರು ಮೈಸೂರು ಸೀಮೆಯ ತರುಣರಿಗೆ ಕೆಲಸ ಕಲಿಸಿ, ಹೊರಗಿನವರ ಜಾಗಕ್ಕೆ ಅವರನ್ನು ತಂದರು. ಆ ದುಡಿಮೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆ ಸಂಸ್ಥೆ ಸುರುವಾಯಿತು. ಅದಕ್ಕೆ ತಮ್ಮ ಹೆಸರು ಬೇಡವೆಂದು ಮಹಾರಾಜ ಜಯಚಾಮರಾಜೇಂದ್ರರ ಹೆಸರಿಡಿಸಿದರು. ಇಂದಿಗೂ ಅದು ಪಾಲಿಟೆಕ್ನಿಕ್ ಆಗಿ ನಡೆದಿದೆ.

ಬಂಧುಗಳೆ, ಇದರಿಂದ ನಮಗೇನು? ಹಂಗಾಮಿನಲ್ಲಿ ಗಿರಣಿ ನಿಂತರೆ ಕಡಿದ ಕಬ್ಬು ಯಾರ್ಡಿನಲ್ಲಿ ಒಣಗುತ್ತದೆ. ತಾಸು ಕಳೆದಂತೆ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ದೂರದಿಂದ ಫಿಟರ್ ಬರುವ ತನಕ ಕಾಯುವ ಪ್ರತಿ ತಾಸಿನ ಹಾನಿ ಬೆಳೆಗಾರನದೇ. ರಿಪೇರಿ ಬಲ್ಲವನು ಪಕ್ಕದ ಊರಿನಲ್ಲಿದ್ದರೆ ಆ ಹಾನಿ ಕಡಿಮೆಯಾಗುತ್ತದೆ.

ಕಾಯದೆಯೂ ಇದನ್ನೇ ಹೇಳುತ್ತದೆ. 1961ರ ಅಪ್ರೆಂಟಿಸ್ ಕಾಯದೆಯ ಕೆಳಗೆ, 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ, 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ತನ್ನ ಸಂಖ್ಯೆಯ ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ಅವರಿಗೆ ವಿದ್ಯಾವೇತನವನ್ನೂ ಕೊಡಬೇಕು.

ಹಂಗಾಮು ಮುಗಿದ ಮೇಲೆ ಗಿರಣಿಯ ರೋಲರ್ ಬಿಚ್ಚುತ್ತಾರೆ, ಬಾಯ್ಲರ್ ತೊಳೆಯುತ್ತಾರೆ, ಪಂಪು, ಮೋಟಾರುಗಳನ್ನು ಸರಿಪಡಿಸುತ್ತಾರೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಆದುದರಿಂದ ಸಂಚಾಲಕ ಮಂಡಳಕ್ಕೆ ನನ್ನ ವಿನಂತಿ ಇಷ್ಟು: ಪ್ರತಿ ವರ್ಷ ಅಪ್ರೆಂಟಿಸ್ ಜಾಗಗಳನ್ನು ಊರೂರಿನ ಚಾವಡಿಯಲ್ಲಿ ಕನ್ನಡದಲ್ಲಿಯೂ ಜಾಹೀರು ಮಾಡಿರಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳು ಅರ್ಜಿ ಬರೆಯಲು ಹಿಂಜರಿಯುತ್ತಾರೆ, ಅವರಿಗೆ ನೆರವಾಗಿರಿ. ಹೆಣ್ಣುಮಕ್ಕಳನ್ನೂ ಕರೆಯಿರಿ.

ಸಭಾಸದ ಬಂಧುಗಳೆ, ನೀವೂ ಸುಮ್ಮನಿರಬೇಡಿರಿ. ವಾರ್ಷಿಕ ಸಭೆಯಲ್ಲಿ ಕಬ್ಬಿನ ದರ ಕೇಳುವಾಗ, ಈ ವರ್ಷ ಎಷ್ಟು ಹುಡುಗರಿಗೆ ಕೆಲಸ ಕಲಿಸಿದಿರಿ ಎಂದೂ ಕೇಳಿರಿ.